ಹಾಡು ಬರೆದು ತಾವೇ ಹಾಡುವವರಿಗೆ: ನೋಟ್‌ಬುಕ್ಕಿನ ಸಾಲಿನಿಂದ ರಾಯಲ್ಟಿಯ ತನಕ

‘ಸಿನಿಮಾಕ್ಕೆ ಹೋಗದೆ, ಕನ್ನಡದಲ್ಲಿ ನಮ್ಮದೇ ಹಾಡು ಬರೆದು ಹಾಡಿಕೊಂಡು ಬದುಕಬಹುದಾ?’ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಇಷ್ಟೇ: ಈಗಾಗಲೇ ಬಿಟ್ಟಿರುವ ನಿಮ್ಮ ಹಾಡು ಯಾರ ಹೆಸರಿನಲ್ಲಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸ್ಟುಡಿಯೋದ ಅಣ್ಣ ಅಪ್‌ಲೋಡ್ ಮಾಡಿದರು, ಯಾವುದೋ ಚಾನೆಲ್‌ನವರು ಹಾಕಿಕೊಂಡರು ಎನ್ನುತ್ತಾರೆ.

ಒಂದು ಕಾಲಕ್ಕೆ ನನಗೂ ಗೊತ್ತಿರಲಿಲ್ಲ. ನನ್ನ ಎರಡನೇ ಹಾಡನ್ನು ಒಂದು ಆಡಿಯೋ ಕಂಪನಿಗೆ 8,000 ರೂಪಾಯಿಗೆ, ಒಂದೇ ಪುಟದ ಛಾಪಾ ಕಾಗದದ ಮೇಲೆ ರುಜು ಹಾಕಿ ಕೊಟ್ಟುಬಿಟ್ಟೆ. ಹಾಡು ಜನಕ್ಕೆ ಹಿಡಿಸಿತು. ಈಗಲೂ ಮದುವೆಮನೆಗಳಲ್ಲಿ ಕಿವಿಗೆ ಬೀಳುತ್ತದೆ. ಆಗ ಖುಷಿಯೂ ಆಗುತ್ತದೆ, ಹೊಟ್ಟೆಯೊಳಗೆ ಸಂಕಟವೂ ಏಳುತ್ತದೆ. ಇದನ್ನು ಬರೆಯಲು ಆ ಸಂಕಟವೇ ಕಾರಣ.

ಒಂದು ಹಾಡಿನಲ್ಲಿ ಮೂರು ಆಸ್ತಿಗಳಿವೆ: ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ. ಸಿನಿಮಾದಲ್ಲಿ ಇವು ಬೇರೆ ಬೇರೆಯವರ ಕೈಯಲ್ಲಿ ಹುಟ್ಟಿ, ಕೊನೆಗೆ ಸಾಮಾನ್ಯವಾಗಿ ಆಡಿಯೋ ಕಂಪನಿಯ ಪಾಲಾಗುತ್ತವೆ. ತಾವೇ ಬರೆದು, ರಾಗ ಹಾಕಿ, ತಮ್ಮ ದುಡ್ಡಿನಲ್ಲೇ ರೆಕಾರ್ಡ್ ಮಾಡಿಸುವವರಿಗೆ ಮೂರೂ ಅವರದೇ. ಕೇಳುಗರು ಕೆಲವೇ ಸಾವಿರ ಇದ್ದರೂ ಬದುಕು ಕಟ್ಟಿಕೊಳ್ಳಲು ದಾರಿ ಇರುವುದು ಈ ಮೂರೂ ನಿಮ್ಮ ಕೈಯಲ್ಲೇ ಇದ್ದಾಗ. ಮುಂದಿನ ಪ್ರತಿ ಹಂತದಲ್ಲೂ ನಾನು ತಿರುಗಿ ಅಲ್ಲಿಗೇ ಬರುತ್ತೇನೆ.

## ಹಂತ 1: ಕನ್ನಡದ ಕಿವಿಗೆ ಹಾಡು ಬರೆಯುವುದು

ಗಿಟಾರ್ ಹಿಡಿದು ನಾಲ್ಕು ಕಾರ್ಡ್ ಬಾರಿಸುತ್ತ ‘ಲಾ ಲಾ’ ಎಂದು ಟ್ಯೂನ್ ಮಾಡಿ, ಆಮೇಲೆ ಅದರೊಳಗೆ ಕನ್ನಡ ಪದಗಳನ್ನು ತುರುಕುವುದು ಈಗಿನ ರೂಢಿ. ಹೊಸಬರ ಹಾಡುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ನಮ್ಮ ಭಾಷೆಯಲ್ಲಿ ಅಕ್ಷರದ ಉದ್ದ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಬಳೆ’ ಎಂಬಲ್ಲಿ ಮೊದಲ ಅಕ್ಷರವನ್ನು ಎರಡು ಮಾತ್ರೆ ಎಳೆದರೆ ಕೇಳುವವರಿಗೆ ‘ಬಾಳೆ’ ಆಗುತ್ತದೆ. ‘ಹಳೆ’ ‘ಹಾಳೆ’ಯಾಗುತ್ತದೆ, ‘ಕಡು’ ‘ಕಾಡು’ ಆಗುತ್ತದೆ. ಟ್ಯೂನ್ ಎಷ್ಟೇ ಚೆನ್ನಾಗಿದ್ದರೂ ಕೇಳುಗರು ಆ ಕ್ಷಣ ಹಾಡಿನಿಂದ ಹೊರಗೆ ಬೀಳುತ್ತಾರೆ.

ಹೀಗೆ ಮಾಡಿ. ಸಾಲನ್ನು ಮೊದಲು ಮಾತಿನ ಹಾಗೆ ಗಟ್ಟಿಯಾಗಿ ಓದಿ. ಹೈಸ್ಕೂಲಿನಲ್ಲಿ ಕಲಿತ ಲಘು-ಗುರು ಗುರುತುಗಳನ್ನು ಪೆನ್ಸಿಲ್‌ನಲ್ಲಿ ಹಾಕಿ. ಟ್ಯೂನಿನ ಉದ್ದದ ಸ್ವರಗಳು ಗುರುವಿನ ಮೇಲೆ ಕೂರುವಂತೆ ಪದ ಬದಲಿಸಿ, ಇಲ್ಲವೇ ಟ್ಯೂನ್ ತಿದ್ದಿ. ಎಳೆಯಲೇಬೇಕು ಎನ್ನಿಸಿದರೆ ಪದದ ಕೊನೆಯ ಸ್ವರವನ್ನು ಎಳೆಯಿರಿ, ಅಲ್ಲಿ ಅರ್ಥ ಕೆಡುವುದು ಕಡಿಮೆ. ಬೀಸುವ ಕಲ್ಲಿನ ಮುಂದೆ ತ್ರಿಪದಿ ಹಾಡಿದ ಗರತಿಯರು ಯಾವ ಛಂದಸ್ಸಿನ ಪುಸ್ತಕವನ್ನೂ ಓದಿರಲಿಲ್ಲ; ಆದರೂ ಅವರ ಸಾಲಿನಲ್ಲಿ ಮಾತು ಎಲ್ಲೂ ಮುರಿಯುವುದಿಲ್ಲ. ಒಂದು ವಾರ ಬೇರೆಲ್ಲ ಬಿಟ್ಟು ಜನಪದ ಹಾಡುಗಳನ್ನಷ್ಟೇ ಕೇಳಿ, ಜೊತೆಗೆ ಹಾಡಿ.

ಸಾದಾ ಪರೀಕ್ಷೆಯೊಂದಿದೆ. ಊರಿನಲ್ಲಿರುವ ಅಜ್ಜಿಗೋ ದೊಡ್ಡಮ್ಮನಿಗೋ ಫೋನ್ ಮಾಡಿ, ವಾದ್ಯವಿಲ್ಲದೆ ಪಲ್ಲವಿ ಹಾಡಿ. ಅವರು ಸಾಲನ್ನು ತಿರುಗಿ ಹೇಳಿದರೆ ಹಾಡು ಪಾಸು. ‘ಏನಂದೆ ಮಗಾ?’ ಎಂದರೆ ಆ ಪದ ಬದಲಾಗಬೇಕು.

ಇನ್ನೊಂದು ಮಾತು, ನನಗೆ ಬಹಳ ಮುಖ್ಯವಾದದ್ದು. ನಿಮ್ಮ ಮನೆಯ ಕನ್ನಡದಲ್ಲೇ ಬರೆಯಿರಿ. ಬೇಂದ್ರೆಯವರು ಧಾರವಾಡದ ಆಡುಮಾತನ್ನೇ ಕವಿತೆಯ ತುಂಬ ಹರಿಸಿದರು. ಆ ಮಾತು ಧಾರವಾಡ ದಾಟಿ ಎಲ್ಲರ ಬಾಯಲ್ಲಿ ಕೂತಿತು. ಮಂಡ್ಯದವರು, ಕುಂದಾಪುರದವರು, ಕಲಬುರಗಿಯವರು ಎಲ್ಲರೂ ಒಂದೇ ‘ಬೆಂಗಳೂರು ಎಫ್‌ಎಂ’ ಕನ್ನಡದಲ್ಲಿ ‘ಹೃದಯ’, ‘ಕನಸು’, ‘ಮೌನ’ ಎಂದು ಬರೆಯುತ್ತಿದ್ದರೆ ಯಾರ ಹಾಡು ಯಾರದೆಂದು ಗುರುತಿಸುವುದು ಹೇಗೆ?

ಒಂದು ಗಂಟೆಯ ಕಾರ್ಯಕ್ರಮಕ್ಕೆ ಹತ್ತು ಹನ್ನೆರಡು ಹಾಡು ಬೇಕು. ಅಷ್ಟು ಕೈಯಲ್ಲಾಗುವ ತನಕ ರೆಕಾರ್ಡಿಂಗ್‌ಗೆ ದುಡ್ಡು ಹಾಕಬೇಡಿ. ಮೊದಲ ಹಾಡು ಹಿಡಿಸಿ ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ಎರಡನೆಯದು ಇರಲೇಬೇಕಲ್ಲ.

## ಹಂತ 2: ಕವಿಗಳ ಸಾಲು ಹಾಡುವುದಾದರೆ

ಕನ್ನಡದಲ್ಲಿ ಈ ಪ್ರಶ್ನೆ ಬಿಟ್ಟು ಮುಂದೆ ಹೋಗಲಾಗದು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರು ಬೆಳೆಸಿದ ಭಾವಗೀತೆಯ ಪರಂಪರೆಯಲ್ಲಿ ಬೆಳೆದವರು ನಾವು. ಸ್ವಂತ ಹಾಡುಗಳ ನಡುವೆ ಒಂದೆರಡು ಕವಿತೆ ಬಂದೇ ಬರುತ್ತವೆ.

ಭಾರತದ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ, 1957ರ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಲೆಕ್ಕ ಹಾಕಿ ನೋಡಿ. ವಚನಗಳು, ದಾಸರ ಪದಗಳು, ಸರ್ವಜ್ಞನ ತ್ರಿಪದಿಗಳು ಎಲ್ಲರವು. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಗಳೂ ಹಾಗೆಯೇ. ರಘು ದೀಕ್ಷಿತ್ ಅವರಂಥವರು ಗಿಟಾರ್, ಡ್ರಮ್ಸ್ ಜೊತೆ ಷರೀಫರನ್ನು ಜಗತ್ತಿನ ವೇದಿಕೆಗಳಿಗೆ ಒಯ್ದರು. ಆ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕವಿತೆಗಳೂ ಈಗ ಮುಕ್ತ. ಆದರೆ ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಅವರ ಕೃತಿಗಳ ಹಕ್ಕು 2035ರ ಕೊನೆಯ ತನಕ ಇದೆ. ಬೇಂದ್ರೆಯವರದು (1981) 2041ರ ಕೊನೆಗೆ, ಕುವೆಂಪು ಅವರದು (1994) 2054ರ ಕೊನೆಗೆ, ಕೆ.ಎಸ್. ನರಸಿಂಹಸ್ವಾಮಿಯವರದು (2003) 2063ರ ಕೊನೆಗೆ ಮುಗಿಯುತ್ತದೆ. ಈ ಕವಿತೆಗಳನ್ನು ರೆಕಾರ್ಡ್ ಮಾಡಿ ಬಿಡುಗಡೆ ಮಾಡಬೇಕೆಂದರೆ ಹಕ್ಕು ಹೊಂದಿರುವ ಕುಟುಂಬದವರ ಅಥವಾ ಟ್ರಸ್ಟಿನ ಲಿಖಿತ ಅನುಮತಿ ಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ: ಸಾಹಿತ್ಯ ಮುಕ್ತವಾಗಿದ್ದರೂ ಅದಕ್ಕೆ ಹಾಕಿದ ರಾಗ ಮುಕ್ತವಾಗಿರಬೇಕೆಂದಿಲ್ಲ. ಷರೀಫರ ಪದ ಎಲ್ಲರದು, ಅದಕ್ಕೆ ಅಶ್ವತ್ಥ್ ಅವರು ಮಾಡಿದ ಸಂಯೋಜನೆ ಎಲ್ಲರದಲ್ಲ. ಅವರು ತೀರಿಕೊಂಡದ್ದು 2009ರಲ್ಲಿ. ಹಾಗಾಗಿ ಹಳೆಯ ಪದಕ್ಕೆ ನೀವೇ ಹೊಸ ರಾಗ ಹಾಕಿ. ಹಾಗೆ ಮಾಡಿದಾಗ ಸಂಯೋಜನೆಯೂ ಧ್ವನಿಮುದ್ರಣವೂ ನಿಮ್ಮದೇ ಆಗುತ್ತವೆ.

ಅನುಮತಿ ಕೇಳಲು ಸಂಕೋಚ ಬೇಡ. ಯಾವ ಕವಿತೆ, ಎಷ್ಟು ಸಾಲು, ಎಲ್ಲೆಲ್ಲಿ ಬಿಡುಗಡೆ, ಕವಿಯ ಹೆಸರು ಹೇಗೆ ಕಾಣಿಸುತ್ತದೆ, ಬಂದ ಹಣದಲ್ಲಿ ಅವರ ಪಾಲೆಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆದು, ಫೋನಿನಲ್ಲಿ ರೆಕಾರ್ಡ್ ಮಾಡಿದ ಮಾದರಿಯ ಜೊತೆ ಕಳಿಸಿ. ನನ್ನ ಅನುಭವದಲ್ಲಿ ಕವಿಗಳ ಮನೆಯವರು ಅಕ್ಕರೆಯಿಂದಲೇ ಉತ್ತರಿಸಿದ್ದಾರೆ. ಕೇಳದೆ ಹಾಡಿದಾಗ ಅವರಿಗೆ ನೋವಾಗುತ್ತದೆ.

## ಹಂತ 3: ರೆಕಾರ್ಡಿಂಗ್

ಇದರ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಒಂದು ಕಂಡೆನ್ಸರ್ ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಮುಚ್ಚಿದ ಹೆಡ್‌ಫೋನ್, ರೀಪರ್‌ನಂಥ ಸಾಫ್ಟ್‌ವೇರ್ ಇದ್ದರೆ ಹಾಡು ಮತ್ತು ಗಿಟಾರ್ ಮನೆಯಲ್ಲೇ ಆಗುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಬೆನ್ನ ಹಿಂದೆ ದಪ್ಪ ರಜಾಯಿ ನೇತುಹಾಕಿ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಮೀಟರ್ ಅತಿ ಜೋರಿನ ಜಾಗದಲ್ಲೂ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಬೆಂಗಳೂರಿನಲ್ಲಿ ಸದ್ದಿಲ್ಲದ ಹೊತ್ತೆಂದರೆ ಬೆಳಗಿನ ಜಾವ ನಾಲ್ಕರಿಂದ ಐದೂವರೆ. ಗಂಟಲು ಆ ಹೊತ್ತಿಗೆ ಏಳುವುದಿಲ್ಲವೆನ್ನುವವರು ಮಧ್ಯರಾತ್ರಿ ಮಾಡಿ.

ದುಡ್ಡು ಖರ್ಚು ಮಾಡಬೇಕಾದ ಜಾಗ ಮಿಕ್ಸಿಂಗ್, ಅಂದರೆ ದನಿ ಮತ್ತು ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ. ಒಳ್ಳೆಯ ಮಿಕ್ಸಿಂಗ್ ಎಂಜಿನಿಯರ್ ಹಿಡಿಯಿರಿ, ಮೊದಲ ಮಾತಿನಲ್ಲೇ ಇದನ್ನು ಹೇಳಿ: ಫೈನಲ್ ಮಾಸ್ಟರ್ ವೇವ್ ಫೈಲ್, ಮೈನಸ್ ಟ್ರ್ಯಾಕ್ (ಗಾಯನವಿಲ್ಲದೆ ವಾದ್ಯಗಳಷ್ಟೇ ಇರುವುದು), ಪ್ರತಿ ವಾದ್ಯದ ಬೇರೆ ಬೇರೆ ಸ್ಟೆಮ್ ಫೈಲ್‌ಗಳು, ಮೂರೂ ನನಗೆ ಬೇಕು. ಮೈನಸ್ ಟ್ರ್ಯಾಕ್ ಇದ್ದರೆ ಬ್ಯಾಂಡ್ ಇಲ್ಲದ ವೇದಿಕೆಯಲ್ಲೂ ಹಾಡಬಹುದು. ನಾಳೆ ಯಾರಾದರೂ ಕಿರುಚಿತ್ರಕ್ಕೆ ಹಾಡು ಕೇಳಿದರೆ ಮೊದಲು ಕೇಳುವುದೂ ಅದನ್ನೇ. ಎರಡು ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿಡಿ, ಒಂದು ನಿಮ್ಮ ಮನೆಯಲ್ಲಿ ಇರುವುದೇ ಬೇಡ.

## ಹಂತ 4: ಕಾಗದ ಪತ್ರ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ರೆಕಾರ್ಡಿಂಗ್‌ಗೆ ಮುಂದಾಗಿ, ಅದರ ಹೊಣೆ ಹೊತ್ತು ಮಾಡಿಸಿದವರನ್ನು ಕಾನೂನು ಧ್ವನಿಮುದ್ರಣದ ನಿರ್ಮಾಪಕರೆಂದು ನೋಡುತ್ತದೆ. ನೀವೇ ದುಡ್ಡು ಕೊಟ್ಟು ಮಾಡಿಸಿದರೆ ಅದು ನೀವು. ಆದರೂ ಕಂಪ್ಯೂಟರಿನಲ್ಲಿ ವಾದ್ಯಗಳ ಪ್ರೋಗ್ರಾಮಿಂಗ್ ಮಾಡಿದ ಗೆಳೆಯ, ಕೊಳಲು ನುಡಿಸಿದವರು, ಒಂದು ಚರಣ ಬರೆದುಕೊಟ್ಟ ಸ್ನೇಹಿತೆ, ಇವರೊಂದಿಗೆ ಮೊದಲೇ ಬರವಣಿಗೆ ಆಗಲಿ. ದೊಡ್ಡ ಕರಾರು ಪತ್ರ ಬೇಡ. ಹಾಡಿನ ಹೆಸರು, ದಿನಾಂಕ, ಸಾಹಿತ್ಯದಲ್ಲಿ ಯಾರಿಗೆ ಶೇಕಡಾ ಎಷ್ಟು, ಸಂಯೋಜನೆಯಲ್ಲಿ ಎಷ್ಟು, ಧ್ವನಿಮುದ್ರಣದಲ್ಲಿ ಎಷ್ಟು, ಯಾರಿಗೆ ಒಂದೇ ಸಲದ ಸಂಭಾವನೆ, ಎಲ್ಲರ ರುಜು. ಹಾಡು ಯಾರಿಗೂ ಗೊತ್ತಿಲ್ಲದ ದಿನ ಇದನ್ನು ಬರೆಯುವುದು ಐದು ನಿಮಿಷದ ಕೆಲಸ. ಹಾಡು ಹಿಟ್ ಆದಮೇಲೆ ಇದೇ ಮಾತು ಗೆಳೆತನವನ್ನು ಮುರಿಯುತ್ತದೆ.

ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ. ನಾಳೆ ಜಗಳವಾದರೆ ಸಾಕ್ಷಿಯಾಗಿರಲಿ ಎಂದು ಮಾಡಿಸುವುದಾದರೆ ಕೃತಿಸ್ವಾಮ್ಯ ಕಚೇರಿಯ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಸಾಹಿತ್ಯ ಮತ್ತು ಸಂಗೀತ ಕೃತಿಗೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ. ಎಲ್ಲ ಹಾಡಿಗೂ ಬೇಡ, ನಿಮಗೆ ಬಹಳ ನಂಬಿಕೆಯಿರುವ ಒಂದೆರಡಕ್ಕೆ ಸಾಕು.

ಇನ್ನು ಆಡಿಯೋ ಕಂಪನಿಯ ಕರಾರು. ಒಂದಲ್ಲ ಒಂದು ದಿನ ಕರೆ ಬರುತ್ತದೆ, ‘ನಮ್ಮ ಚಾನೆಲ್‌ಗೆ ಲಕ್ಷಗಟ್ಟಲೆ ಸಬ್‌ಸ್ಕ್ರೈಬರ್ಸ್ ಇದ್ದಾರೆ, ಹಾಡು ಕೊಡಿ’ ಎಂದು. ರುಜು ಹಾಕುವ ಮೊದಲು ನೋಡಬೇಕಾದ್ದು: ಅವಧಿ ಎಷ್ಟು ವರ್ಷ? ಯಾವ ದೇಶಗಳಿಗೆ? ಮೂರು ಆಸ್ತಿಯಲ್ಲಿ ಯಾವುದನ್ನು ಕೇಳುತ್ತಿದ್ದಾರೆ? ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’, ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ’ ಎಂಬ ಪದಗಳು ಕಂಡರೆ ಪೆನ್ನು ಕೆಳಗಿಟ್ಟು ವಕೀಲರಿಗೆ ತೋರಿಸಿ. ಕರಾರಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಕಾನೂನು ಅದನ್ನು 5 ವರ್ಷವೆಂದು, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರವೆಂದು ತಿಳಿಯುತ್ತದೆ. 2012ರ ತಿದ್ದುಪಡಿಯ ನಂತರ ಇನ್ನೊಂದು ರಕ್ಷಣೆ ಇದೆ: ಧ್ವನಿಮುದ್ರಣದಲ್ಲಿ ಸೇರಿದ ತಮ್ಮ ಸಾಹಿತ್ಯ ಮತ್ತು ಸಂಗೀತದ ಬಳಕೆಗೆ ಸಮಪಾಲು ರಾಯಲ್ಟಿ (ಹಾಡು ಬಳಕೆಯಾದಾಗ ಬರುವ ಹಣ) ಪಡೆಯುವ ಹಕ್ಕನ್ನು ಲೇಖಕರೂ ಸಂಯೋಜಕರೂ ಕಂಪನಿಗೆ ಬಿಟ್ಟುಕೊಡುವಂತಿಲ್ಲ. ‘ರಾಯಲ್ಟಿ ಬೇಡವೆಂದು ಬರೆದುಕೊಡಿ’ ಎಂದು ಯಾರಾದರೂ ಕೇಳಿದರೆ ಈ ಮಾತನ್ನು ಗೌರವದಿಂದಲೇ ಹೇಳಿ. ಆ ಒಂದು ಪುಟದ ಛಾಪಾ ಕಾಗದ ಮುಂದಿಟ್ಟ ದಿನ ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಕೊನೆಯದು ಸದಸ್ಯತ್ವ. ಸ್ಟ್ರೀಮಿಂಗ್ ಹಣ ಎರಡು ಕಾಲುವೆಗಳಲ್ಲಿ ಹರಿದು ಬರುತ್ತದೆ. ಧ್ವನಿಮುದ್ರಣದ ಪಾಲು ನಿಮ್ಮ ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ, ಸಾಹಿತ್ಯ ಮತ್ತು ಸಂಯೋಜನೆಯ ಪಾಲು ಐಪಿಆರ್‌ಎಸ್ (ಗೀತರಚನಕಾರರು ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ) ಮೂಲಕ. 1969ರಲ್ಲಿ ಶುರುವಾದ ಈ ಸಂಸ್ಥೆ 2017ರಲ್ಲಿ ಕೃತಿಸ್ವಾಮ್ಯ ಸಂಘವಾಗಿ ಮರುನೋಂದಣಿಯಾಯಿತು. ಸದಸ್ಯರಾಗಿ ಪ್ರತಿ ಹಾಡನ್ನೂ ಅಲ್ಲಿ ದಾಖಲಿಸದಿದ್ದರೆ ಎರಡನೇ ಕಾಲುವೆಯ ನೀರು ನಿಮ್ಮ ಹೊಲಕ್ಕೆ ಬರುವುದೇ ಇಲ್ಲ. ಗೀತರಚನಕಾರ, ಸಂಯೋಜಕ ಎರಡೂ ಪಾತ್ರಗಳನ್ನು ಗುರುತು ಮಾಡಿ. ಗಾಯಕರ ಹಕ್ಕಿಗೆಂದು 2013ರಲ್ಲಿ ನೋಂದಣಿಯಾದ ಇಸ್ರಾ (ಈಗ ಇಸಾಮ್ರಾ) ಬೇರೆಯೇ ಇದೆ, ಅಲ್ಲೂ ಹೆಸರು ಹಚ್ಚಿ.

## ಹಂತ 5: ಬಿಡುಗಡೆ

ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್‌ಗಳಿಗೆ ಹಾಡು ತಲುಪಿಸಲು ಡಿಸ್ಟ್ರಿಬ್ಯೂಟರ್ ಬೇಕು: ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಮುಂತಾದವು. ಕೆಲವು ವರ್ಷಕ್ಕಿಷ್ಟು ಶುಲ್ಕ ಕೇಳುತ್ತವೆ, ಕೆಲವು ಬಂದ ಹಣದಲ್ಲಿ ಪಾಲು ಹಿಡಿಯುತ್ತವೆ. ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ಹಾಡು ಉಳಿಯುತ್ತದೋ ತೆಗೆಯುತ್ತಾರೋ ಎಂದು ಮೊದಲೇ ಓದಿಕೊಳ್ಳಿ. ಖಾತೆ ನಿಮ್ಮ ಇಮೇಲ್‌ನಲ್ಲೇ ಇರಲಿ, ಸ್ಟುಡಿಯೋದವರ ಇಮೇಲ್‌ನಲ್ಲಿ ಬೇಡ.

ಬಿಡುಗಡೆಗೆ ನಾಲ್ಕು ವಾರ ಮೊದಲು ಫೈಲ್ ಏರಿಸಿ. ಮುಖಚಿತ್ರ 3000 × 3000 ಪಿಕ್ಸೆಲ್. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಅದೇ ಸಂಖ್ಯೆ ಕೊಟ್ಟರೆ ಹಳೆಯ ಪ್ಲೇ ಎಣಿಕೆ ಉಳಿಸಿಕೊಳ್ಳಬಹುದು.

ಹೆಸರು ಬರೆಯುವಾಗ ಕನ್ನಡದವರಿಗೆ ವಿಶೇಷ ತೊಡಕಿದೆ. ನಮ್ಮವರು ಹಾಡು ಹುಡುಕುವುದು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿ. ‘ಬಾಳೆ’ ಎಂದು ಬರೆಯಲು ಒಬ್ಬರು ಒಂದು ‘ಎ’ ಹಾಕುತ್ತಾರೆ, ಇನ್ನೊಬ್ಬರು ಎರಡು. ಹತ್ತು ಗೆಳೆಯರಿಗೆ ಹಾಡಿನ ಹೆಸರು ಬಾಯಲ್ಲಿ ಹೇಳಿ, ಮೊಬೈಲಿನಲ್ಲಿ ಟೈಪ್ ಮಾಡಲು ಹೇಳಿ. ಹೆಚ್ಚಿನವರು ಬರೆದ ಕಾಗುಣಿತವನ್ನೇ ಎಲ್ಲ ಕಡೆ ಒಂದೇ ಥರ ಬಳಸಿ. ಭಾಷೆಯ ಜಾಗದಲ್ಲಿ ಕನ್ನಡವನ್ನೇ ಆರಿಸಿ, ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಕೊಡಿ.

ಸ್ಪಾಟಿಫೈನ ಕಲಾವಿದರ ಖಾತೆಯಿಂದ ಅವರ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಕಳಿಸಬಹುದು, ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಆಗಬೇಕು. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ದಾಟದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಒಂದೇ ದಿನ ಎಂಟು ಹಾಡು ಸುರಿಯಬೇಡಿ. ಎರಡು ತಿಂಗಳಿಗೊಂದರಂತೆ ಬಿಟ್ಟು, ಪ್ರತಿಯೊಂದನ್ನೂ ಕೈಹಿಡಿದು ಆ ಹೊಸ್ತಿಲು ದಾಟಿಸಿ. ಪ್ಲೇ ಹೆಚ್ಚಿಸಿಕೊಡುತ್ತೇವೆ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸುಳ್ಳು ಪ್ಲೇ ಪತ್ತೆಯಾದರೆ ಹಾಡನ್ನೇ ಕಿತ್ತುಹಾಕುತ್ತಾರೆ.

ಯೂಟ್ಯೂಬ್‌ನ ಕಂಟೆಂಟ್ ಐಡಿ ಆಯ್ಕೆ ಮಾಡಿದರೆ ಬೇರೆಯವರ ವಿಡಿಯೋದಲ್ಲಿ ನಿಮ್ಮ ಹಾಡು ಬಂದಾಗ ಆ ಜಾಹೀರಾತಿನ ಹಣ ನಿಮಗೆ ಬರುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ಸುತ್ತುವ ವಾದ್ಯದ ತುಣುಕು) ಹಾಡಿನಲ್ಲಿದ್ದರೆ ಮಾತ್ರ ಇದು ಬೇಡ: ಅದೇ ಲೂಪ್ ಬಳಸಿದ ಇನ್ನೊಬ್ಬರ ಮೇಲೆ ನಿಮ್ಮ ಹೆಸರಿನಲ್ಲಿ ತಪ್ಪು ದೂರು ಹೋಗುತ್ತದೆ.

## ಹಂತ 6: ಎದುರು ಕೂತ ಕೇಳುಗರು

ರೀಲ್ಸ್ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಕನ್ನಡದ ಸ್ವತಂತ್ರ ಗಾಯಕರಿಗೆ ಅನ್ನ ಕೊಡುವುದು ಈಗಲೂ ವೇದಿಕೆಯೇ. ಸ್ಟ್ರೀಮಿಂಗ್‌ನಿಂದ ವರ್ಷವಿಡೀ ಬರುವುದು ಒಂದೇ ಕಾರ್ಯಕ್ರಮದಲ್ಲಿ ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮೊದಲ ಕಾರ್ಯಕ್ರಮಗಳು ಮನೆಯಲ್ಲೇ ಆಗಲಿ. ಗೆಳೆಯರ ಮನೆಯ ಟೆರೇಸು ಅಥವಾ ಹಜಾರ, ಮೂವತ್ತು ಜನ, ಮೈಕ್ ಬೇಡ, ಜಮಖಾನ ಹಾಸಿ ಕೂತು ಹಾಡಿ. ಬಾಗಿಲ ಬಳಿ ಒಂದು ಪುಸ್ತಕ ಇಟ್ಟು ಬಂದವರ ಹೆಸರು, ವಾಟ್ಸ್ಆ್ಯಪ್ ನಂಬರ್ ಕೇಳಿ ಬರೆಸಿ. ಆ್ಯಪ್‌ಗಳು ತಮ್ಮ ನಿಯಮ ಬದಲಿಸಿದರೂ ಆ ಪುಸ್ತಕದಲ್ಲಿರುವವರು ನಿಮ್ಮ ಮುಂದಿನ ಹಾಡು ಕೇಳಲು ಬರುತ್ತಾರೆ. ನನ್ನದು ಈಗ ನಾಲ್ಕನೇ ಪುಸ್ತಕ.

ಆಮೇಲೆ ನವೆಂಬರ್. ರಾಜ್ಯೋತ್ಸವಕ್ಕೆ ಅಪಾರ್ಟ್‌ಮೆಂಟ್, ಐಟಿ ಕಂಪನಿ, ಕಾಲೇಜು, ಆಟೋ ನಿಲ್ದಾಣದ ತನಕ ಎಲ್ಲೆಡೆ ಕನ್ನಡ ಹಾಡು ಬೇಕು, ಇಡೀ ತಿಂಗಳು ಬೇಕು. ಆಯೋಜಕರು ಸೆಪ್ಟೆಂಬರ್‌ನಲ್ಲೇ ಮಾತು ಶುರು ಮಾಡುತ್ತಾರೆ, ಆಗಸ್ಟ್‌ನಲ್ಲೇ ಮೂರು ನಿಮಿಷದ ವಿಡಿಯೋ ಸಿದ್ಧವಿಟ್ಟುಕೊಳ್ಳಿ. ಹತ್ತು ಹಾಡಿನಲ್ಲಿ ನಾಲ್ಕು ಎಲ್ಲರಿಗೂ ಗೊತ್ತಿರುವ ಗೀತೆ, ಆರು ನಿಮ್ಮದು. ನಿಮ್ಮದನ್ನು ಹಾಡುವ ಮೊದಲು ಅದು ಹುಟ್ಟಿದ ಬಗೆಯನ್ನು ಎರಡು ಮಾತಿನಲ್ಲಿ ಹೇಳಿ, ಜನ ಕಿವಿಗೊಡುತ್ತಾರೆ. ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆ ಬೇರೆ ಥರ. ಅಲ್ಲಿ ಸಿನಿಮಾ ಹಾಡೇ ಕೇಳುತ್ತಾರೆ, ಬೇಸರ ಪಟ್ಟುಕೊಳ್ಳಬೇಡಿ.

ಸಂಭಾವನೆಯ ಮಾತು ಹೀಗೆ ಬರುತ್ತದೆ: ‘ಸರ್, ಬಜೆಟ್ ಇಲ್ಲ, ಆದ್ರೆ ಒಳ್ಳೆ ವೇದಿಕೆ ಸಿಗುತ್ತೆ, ಶಾಲು ಹೊದಿಸಿ ಸನ್ಮಾನ ಮಾಡ್ತೀವಿ.’ ಶಾಮಿಯಾನಕ್ಕೆ, ಊಟಕ್ಕೆ, ಸೌಂಡ್‌ನವರಿಗೆ ಬಜೆಟ್ ಇರುತ್ತದೆ. ನೀವು ಹೀಗೆ ಹೇಳಿ: ‘ಸಂತೋಷ ಸರ್. ನನ್ನ ಜೊತೆ ಇಬ್ಬರು ವಾದ್ಯದವರು ಬರ್ತಾರೆ, ಅವರ ಸಂಭಾವನೆ ಮತ್ತು ಪ್ರಯಾಣದ ಖರ್ಚು ಇಷ್ಟು, ನನ್ನದು ಇಷ್ಟು. ಅರ್ಧ ಮುಂಗಡ ಕೊಟ್ಟರೆ ದಿನ ಕಾಯ್ದಿರಿಸ್ತೀನಿ.’ ಶಾಲೆಗೋ ವೃದ್ಧಾಶ್ರಮಕ್ಕೋ ಉಚಿತವಾಗಿ ಹಾಡಬೇಕೆನಿಸಿದರೆ ಮನಸ್ಸಿಟ್ಟು ಹಾಡಿ. ಉಚಿತವೆಂಬುದು ನಿಮ್ಮ ತೀರ್ಮಾನವಾಗಿರಬೇಕು.

ಬೇಕಾದ ಮೈಕ್ ಎಷ್ಟು, ಗಿಟಾರ್‌ಗೆ ಡಿಐ ಬಾಕ್ಸ್ (ಅದನ್ನು ಸೌಂಡ್ ವ್ಯವಸ್ಥೆಗೆ ಜೋಡಿಸುವ ಪೆಟ್ಟಿಗೆ), ನಿಮ್ಮೆದುರು ಮಾನಿಟರ್ ಸ್ಪೀಕರ್ ಎಂದು ಬರೆದ ಒಂದು ಹಾಳೆಯನ್ನು ವಾರ ಮೊದಲೇ ಕಳಿಸಿ. ಸೌಂಡ್‌ನವರ ಹೆಸರು ಕೇಳಿ ತಿಳಿದು, ಅವರಿಗಿಂತ ಮೊದಲೇ ಹೋಗಿ ನಿಲ್ಲಿ. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ನಿಷಿದ್ಧ. ಭಾಷಣಗಳು ಉದ್ದವಾಗಿ ನಿಮ್ಮ ಸರದಿ 9.40ಕ್ಕೆ ಬರುವುದು ಮಾಮೂಲು, ಇಪ್ಪತ್ತು ನಿಮಿಷದ ಪಟ್ಟಿಯೂ ಜೇಬಿನಲ್ಲಿರಲಿ.

ಹೊರದೇಶದ ಕನ್ನಡ ಕೂಟಗಳು ಪ್ರೀತಿಯಿಂದ ಕರೆಸಿಕೊಳ್ಳುತ್ತವೆ. ಅಮೆರಿಕಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ ಸಂಭಾವನೆ ಪಡೆದು ಹಾಡುವಂತಿಲ್ಲ, ಕಲಾವಿದರ ವೀಸಾ ಬಗ್ಗೆ ಹಲವು ತಿಂಗಳು ಮೊದಲೇ ಕೂಟದವರ ಜೊತೆ ಮಾತಾಡಿ.

## ಹಂತ 7: ಲೆಕ್ಕ

ಕೆಲಸ ಬಿಡಲು ಅವಸರ ಬೇಡ. ಸಿ. ಅಶ್ವತ್ಥ್ ಅವರು ಐಟಿಐ ಕಾರ್ಖಾನೆಯಲ್ಲಿ ದೀರ್ಘಕಾಲ ದುಡಿದವರು, ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದವರು. ಅದರಿಂದ ಅವರ ಹಾಡಿನ ಎತ್ತರ ಒಂದಂಗುಲವೂ ಕಡಿಮೆಯಾಗಲಿಲ್ಲ. ತಿಂಗಳ ಬಾಡಿಗೆಯ ಚಿಂತೆ ಇಲ್ಲದಿದ್ದಾಗ ಕೆಟ್ಟ ಕರಾರಿಗೆ ‘ಇಲ್ಲ’ ಎನ್ನುವುದೂ ಸುಲಭ.

ಹಾಡಿನ ಹಣಕ್ಕೇ ಒಂದು ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಕಂಪನಿಗಳು ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ. 10 ಟಿಡಿಎಸ್ ಹಿಡಿದು ಕೊಡುತ್ತವೆ. ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆಗಿಂತ ಹೆಚ್ಚು ಹಿಡಿದದ್ದು ವಾಪಸ್ ಬರುತ್ತದೆ. ತಂತಿ, ಮೈಕ್, ಸ್ಟುಡಿಯೋ ಬಾಡಿಗೆ, ಪ್ರಯಾಣದ ರಸೀದಿಗಳನ್ನು ಎತ್ತಿಡಿ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಡಿಸ್ಟ್ರಿಬ್ಯೂಟರ್ ಅಮೆರಿಕದ ಕಂಪನಿಯಾಗಿದ್ದರೆ ಡಬ್ಲ್ಯೂ-8 ಬೆನ್ ಎಂಬ ಫಾರ್ಮ್ ಕೇಳುತ್ತದೆ. ಪ್ಯಾನ್ ಸಂಖ್ಯೆ ಕೊಟ್ಟು ತುಂಬಿದರೆ, ಅಲ್ಲಿನ ಕೇಳುಗರಿಂದ ಬಂದ ರಾಯಲ್ಟಿಗೆ ಭಾರತ–ಅಮೆರಿಕ ಒಪ್ಪಂದದ ಪ್ರಕಾರ ಶೇ. 15 ಕಡಿತವಾಗುತ್ತದೆ, ತುಂಬದಿದ್ದರೆ ಶೇ. 30 ಹೋಗಬಹುದು.

ಪ್ರತಿ ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಬೆಳಗ್ಗೆ ಕೂತು, ಐಎಸ್‌ಆರ್‌ಸಿ ಬರೆದಿಟ್ಟ ಆ ಪುಸ್ತಕ, ಡಿಸ್ಟ್ರಿಬ್ಯೂಟರ್ ಕಳಿಸಿದ ಪಟ್ಟಿ, ಐಪಿಆರ್‌ಎಸ್‌ನಲ್ಲಿ ನಿಮ್ಮ ಹೆಸರಿನಲ್ಲಿರುವ ಹಾಡುಗಳ ಪಟ್ಟಿ, ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಹಾಡು ಕಂಡರೆ ಅದನ್ನು ಅಂದೇ ಸೇರಿಸಿ, ಹೆಸರಿನ ಕಾಗುಣಿತ ತಪ್ಪಿದ್ದರೆ ಅಂದೇ ತಿದ್ದಲು ಬರೆಯಿರಿ.